ರಾಶಿಯ ಹೊಟ್ಟೆಯಿಂದ ಏಳು ಅಂಗಿ

ಅಕ್ಕೋರು ಹೋದ ಸುದ್ದಿ ನನಗೆ ಮುಟ್ಟಿದ್ದು ಊಟದ ಬಿಡುವಿನಲ್ಲಿ. ಮನೋಳಿಯಿಂದ ಬರುವ ಹೆಣ್ಣುಮಗಳೊಬ್ಬಳು ಡಬ್ಬಿ ಬಿಚ್ಚುತ್ತ, "ನಿಮ್ಮ ಹಳೇ ಚೆಕಿಂಗ್ ಅಕ್ಕೋರು ನಿನ್ನೆ ಮುಂಜಾನಿ ತೀರಿಕೊಂಡ್ರಂತ್ರಿ. ಎದಿ ಹಿಡದಂಗ ಆಗೈತಿ ಅಂದ್ರಂತ, ಅಷ್ಟ" ಎಂದಳು. ರೊಟ್ಟಿ ಮುರಿಯಲು ಹೊರಟಿದ್ದ ನನ್ನ ಕೈ ತನ್ನಷ್ಟಕ್ಕೆ ತಾನೇ ರೊಟ್ಟಿಯನ್ನು ಮಗುಚಿ ಹಿಂಬದಿ ನೋಡಿತು. ಅದು ನನ್ನ ಚಟವಲ್ಲ, ಅಕ್ಕೋರ ಚಟ. ಯಾವ ರೊಟ್ಟಿಯನ್ನೂ ಹಿಂದುಮುಂದು ನೋಡದೆ ಅವರು ಬಾಯಿಗಿಟ್ಟವರಲ್ಲ. "ಅಕ್ಕೋರ, ರೊಟ್ಟಿಗೂ ಕಾರ್ಡ್ ಹಾಕ್ತೀರೇನ್ರಿ?" ಎಂದು ನಾವು ಕಾಡಿಸಿದರೆ, "ಹಾಕ್ತೇನಿ. ನಿಂದು ನಡು ದಪ್ಪ, ಅಂಚು ಹರದೈತಿ. ಹಳದಿ" ಎನ್ನುತ್ತಿದ್ದರು. ನಗದೇ ಹೇಳುತ್ತಿದ್ದರು, ಅದಕ್ಕೇ ನಮಗೆ ನಗು ತಡೆಯುತ್ತಿರಲಿಲ್ಲ.

ಅಂದು ಯಾರೂ ಅಳಲಿಲ್ಲ. ಈಗ ಲೈನಿನಲ್ಲಿ ಕೂತಿರುವ ಅರ್ಧಕ್ಕರ್ಧ ಹೆಣ್ಣುಮಕ್ಕಳು ಅವರನ್ನು ಕಂಡೇ ಇಲ್ಲ. ಹತ್ತಿರದಿಂದ ಕಂಡವಳು ನಾನು. ಅವರು ಕೂರುತ್ತಿದ್ದ ಮೇಜಿನ ಮುಂದೆ, ಅವರದೇ ಕುರ್ಚಿಯ ಮೇಲೆ ಕೂತು ಉಣ್ಣುತ್ತಿದ್ದವಳೂ ನಾನೇ. ಅವರಿಗಾಗಿ ಎಲ್ಲರ ಮುಂದೆ ಅಳುವ ಮುಖ ನನಗಿರಲಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ನಾಲ್ಕು ಮಾತು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಕ್ಕೋರು ಇದ್ದಿದ್ದರೆ ಅಂಥ ಬರಹವನ್ನು ಮಗುಚಿ ಹಿಂಬದಿ ನೋಡುತ್ತಿದ್ದರು.

ನಮ್ಮ ಕಾರ್ಖಾನೆ ಯರಗಟ್ಟಿಯ ಹೊರಗೆ ಬೆಳಗಾವಿ ರಸ್ತೆಯ ಪಕ್ಕದಲ್ಲಿದೆ. ತಗಡಿನ ಛಾವಣಿಯ ಉದ್ದನೆಯ ಕಟ್ಟಡ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಮುಂಜಾನೆಯ ಬಸ್ಸುಗಳು ನಮ್ಮನ್ನು ತಂದು ಸುರುವುತ್ತವೆ. ನಾವು ಹೊಲಿಯುವುದು ಬಿಳಿ ಅಂಗಿ, ಯಾವುದೋ ದೇಶದ ಸಾಲಿ ಮಕ್ಕಳಿಗೆ. ಒಂದು ಲೈನಿಗೆ ಮೂವತ್ತು ಮಷಿನು. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಕಿಸೆ. ಇಡೀ ಅಂಗಿಯನ್ನು ಯಾರೂ ಹೊಲಿಯುವುದಿಲ್ಲ. ಇಡೀ ಅಂಗಿಯನ್ನು ನೋಡುವವರು ಅಕ್ಕೋರು ಮಾತ್ರ. ಕೊರಳಿಗೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಸೊಂಟಕ್ಕೆ ಸಿಕ್ಕಿಸಿದ ಚೀಲದಲ್ಲಿ ಬಾಣದ ಗುರುತಿನ ಕೆಂಪು ಸ್ಟಿಕರುಗಳು. ತಪ್ಪು ಕಂಡಲ್ಲಿ ಬಾಣದ ತುದಿ ತಪ್ಪಿನ ಕಡೆಗೆ ಬರುವಂತೆ ಸ್ಟಿಕರು ಅಂಟಿಸುತ್ತಿದ್ದರು. ಸಾಲಿ ಕಲಿಸುವವರ ಹಾಗೆ ಇದ್ದರೆಂದು ಅವರಿಗೆ ಅಕ್ಕೋರು ಎಂಬ ಹೆಸರು ಬಿತ್ತು. ಅವರು ಕಲಿತದ್ದು ಏಳನೆಯ ಇಯತ್ತೆ ಅಷ್ಟೇ.

ಅವರ ಕೆಲಸ ಮಷಿನಿನಿಂದ ಮಷಿನಿಗೆ ತಿರುಗುವುದು. ಪ್ರತಿ ಮಷಿನಿನ ಎದುರು ಒಂದು ಕಾರ್ಡು ತೂಗುತ್ತದೆ. ಹೊಲಿದ ರಾಶಿಯಿಂದ ಏಳು ಅಂಗಿ ತೆಗೆದು ನೋಡಬೇಕು. ಏಳೂ ಸರಿ ಇದ್ದರೆ ಹಸಿರು ಗೆರೆ, ಒಂದು ಕೆಟ್ಟಿದ್ದರೆ ಹಳದಿ, ಎರಡು ಕೆಟ್ಟಿದ್ದರೆ ಕೆಂಪು. ಕೆಂಪು ಬಿದ್ದರೆ ಮಷಿನು ನಿಲ್ಲಬೇಕು, ಹೊಲಿದವಳು ಎದ್ದು ನಿಲ್ಲಬೇಕು. ಮೂವತ್ತು ಮಂದಿಯ ಎದುರು ಎದ್ದು ನಿಲ್ಲುವುದೆಂದರೆ ಏನು ಸಾಮಾನ್ಯವೇ? ನಾನು ಸೇರಿದ ವಾರದಲ್ಲೇ ಜಾಣತನ ಕಲಿತಿದ್ದೆ. ಚೆಂದ ಬಂದ ಏಳು ಅಂಗಿಗಳನ್ನು ರಾಶಿಯ ಮೇಲೆ ಇಟ್ಟು ಅಮಾಯಕಳ ಹಾಗೆ ಕೂತೆ. ಅಕ್ಕೋರು ಬಂದರು. ಮೇಲಿನವುಗಳನ್ನು ಮುಟ್ಟಲೂ ಇಲ್ಲ. ರಾಶಿಯ ಹೊಟ್ಟೆಗೆ ಕೈಹಾಕಿ ಎಳೆದರು.

"ಅಕ್ಕೋರ, ಮ್ಯಾಲಿನವು ತಗೋರಿ. ರಾಶಿ ಕೆಡತೈತಿ" ಎಂದೆ.

"ಕೆಡ್ಲಿ. ಮ್ಯಾಲಿನವು ನೀ ನನ್ನ ಸಲುವಾಗಿ ಹೊಲದದ್ದು. ಸಾಲಿ ಹುಡುಗನ ಸಲುವಾಗಿ ಹೊಲದದ್ದು ಎಲ್ಲಿಟ್ಟಿ, ಅದನ್ನ ತೋರ್ಸು."

ಕೆಂಪು ಬಿತ್ತು. ಎದ್ದು ನಿಂತೆ. ಆಮೇಲೆ ಅವರು ಮಾಡಿದ್ದನ್ನು ಬೇರೆ ಯಾವ ಚೆಕಿಂಗ್‌ನವರೂ ಮಾಡಿದ್ದು ನಾನು ಕಂಡಿಲ್ಲ. ಸೆರಗು ಸಿಕ್ಕಿಸಿ ನನ್ನ ಮಷಿನಿಗೆ ತಾವೇ ಕೂತರು. ಮೂರು ಅಂಗಿಗೆ ಕಾಲರ್ ಹೊಲಿದರು. ಅವರದೂ ಸೊಟ್ಟಗೆ ಬಂದಿದ್ದರೆ ತಪ್ಪು ಮಷಿನಿನದು, ಮೆಕ್ಯಾನಿಕ್ಕಿಗೆ ಬೈಗುಳ. ಅವರದು ನೆಟ್ಟಗೆ ಬಂತು. "ಮಷಿನ್ ಛಲೋ ಐತಿ, ತಂಗಿ" ಎಂದು ಎದ್ದು ಹೋದರು. ಅಷ್ಟೇ. ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆ. ನನ್ನ ಬಾಯಿ ಗೊತ್ತಿದ್ದವರಿಗೆ ಗೊತ್ತು.

ಅಕ್ಕೋರ ಗಂಡ ಮನೋಳಿಯ ಬಜಾರದಲ್ಲಿ ಟೇಲರ್. ತಯಾರು ಬಟ್ಟೆ ಬಂದು ಅಂಗಡಿ ಮಲಗಿತು, ಇವರು ಕಾರ್ಖಾನೆಗೆ ಬಂದರು. ಹಾಗಾಗಿ ಜಗತ್ತನ್ನೆಲ್ಲ ಅವರು ಹೊಲಿಗೆಯ ಲೆಕ್ಕದಲ್ಲೇ ನೋಡುತ್ತಿದ್ದರೇನೋ. ಬಸ್ಸಿನಲ್ಲಿ ಮುಂದಿನ ಸೀಟಿನ ಅಪರಿಚಿತ ಗಂಡಸಿನ ಬೆನ್ನು ತಟ್ಟಿ, "ಯಪ್ಪಾ, ನಿಮ್ಮ ಕಾಲರ್ ಒಂದ್ ಕಡೆ ಮ್ಯಾಲ ಏರೇತಿ. ಹೊಲದಾಂವಗ ಒಯ್ದು ತೋರ್ಸ್ರಿ" ಎಂದಿದ್ದರು. ಆತ ಕೊರಳು ಮುಟ್ಟಿಕೊಳ್ಳುತ್ತ ಯರಗಟ್ಟಿಯವರೆಗೆ ನೆಟ್ಟಗೆ ಕೂತಿದ್ದ.

ಒಮ್ಮೆ ನನ್ನ ಸೂಜಿ ಮುರಿಯಿತು. ಮುರಿದ ಚೂರುಗಳನ್ನೆಲ್ಲ ಹುಡುಕಿ ಕಾಗದಕ್ಕೆ ಅಂಟಿಸಿ ತೋರಿಸಬೇಕೆಂಬುದು ನಿಯಮ. ಎಲ್ಲ ಸಿಕ್ಕಿತು, ತುದಿ ಸಿಗಲಿಲ್ಲ. ಸಾಸಿವೆ ಕಾಳಿನಷ್ಟು ತುದಿ. ಹೋಗಲಿ ಬಿಡಿ ಎಂದರು ಮ್ಯಾನೇಜರು. ಅಕ್ಕೋರು ಲೈನ್ ನಿಲ್ಲಿಸಿದರು. ಮೂವತ್ತು ಹೆಂಗಸರು ಅಯಸ್ಕಾಂತ ಹಿಡಿದು ನೆಲದ ಮೇಲೆ ಅಂಬೆಗಾಲಿಟ್ಟೆವು. ಗಂಟೆ ಉರುಳಿತು. ಕೊನೆಗೆ ಅಕ್ಕೋರು ನನ್ನ ಹಿಂದೆ ಬಂದು ನಿಂತು, "ತಲಿ ಬಗ್ಗಸು" ಎಂದು ನನ್ನ ಹೆರಳಿನ ಮೇಲೆ ಅಯಸ್ಕಾಂತ ಆಡಿಸಿದರು. ಟಿಕ್ ಎಂದಿತು! ಲೈನಿಗೆ ಲೈನೇ ಹೊಟ್ಟೆ ಹಿಡಿದು ನಕ್ಕಿತು. ಅವರು ಮಾತ್ರ ಅದನ್ನು ಕಾಗದಕ್ಕೆ ಅಂಟಿಸಿ ಉಸಿರು ಬಿಟ್ಟು ಕೂತರು. "ಯಾವದರ ಕೂಸಿನ ಕುತ್ತಿಗಿಗೆ ಚುಚ್ಚಿದ್ರ ಏನ್ ಮಾಡೂದಿತ್ತು?" ಎಂದರು.

ಇನ್ನು ಭಂಡಾರದ ಮಾತು. ನಮ್ಮ ಕಡೆ ಎಲ್ಲವ್ವನ ಗುಡ್ಡಕ್ಕೆ ಹೋಗಿಬಂದವರ ಹಣೆಯಲ್ಲಿ, ಕೈಯಲ್ಲಿ, ಸೆರಗಿನಲ್ಲಿ ಅರಿಶಿನದ ಭಂಡಾರ ಇದ್ದೇ ಇರುತ್ತದೆ. ಹುಣ್ಣಿಮೆಯ ಮರುದಿನವಂತೂ ಇಡೀ ಬಸ್ಸೇ ಹಳದಿ. ಬಿಳಿ ಅಂಗಿಯ ಕಾರ್ಖಾನೆಗೆ ಇದಕ್ಕಿಂತ ದೊಡ್ಡ ಗಂಡಾಂತರವಿಲ್ಲ. ಅದಕ್ಕೇ ಗೇಟಿನಲ್ಲಿ ಬೋರ್ಡು ಹಾಕಿದ್ದರು: ಭಂಡಾರ ಒಳಗೆ ತಂದವರಿಗೆ ಕೆಲಸವಿಲ್ಲ. ಬೋರ್ಡು ಓದಿ ಹೆಂಗಸರು ಸಿಟ್ಟಾದರು. ದೇವರ ಭಂಡಾರವನ್ನು ಒರೆಸಿಕೊಳ್ಳುವುದೆಂದರೇನು? ಆಗ ಅಕ್ಕೋರು ತಾವೇ ಒಂದು ವ್ಯವಸ್ಥೆ ಮಾಡಿದರು. ಹುಣ್ಣಿಮೆಯ ಮರುದಿನ ಗೇಟಿನಲ್ಲಿ ನೀರಿನ ಬೋಗುಣಿ, ಒದ್ದೆ ಅರಿವೆ ಹಿಡಿದು ನಿಲ್ಲುತ್ತಿದ್ದರು. ಮೊದಲು ಕೈಮುಗಿಯುತ್ತಿದ್ದರು, ಆಮೇಲೆ ಒಬ್ಬೊಬ್ಬರ ಹಣೆ ಒರೆಸುತ್ತಿದ್ದರು. "ಯವ್ವಾ, ಸಂಜಿತನಾ ಇಲ್ಲೇ ಹೊರಗ ಕುಂತಿರು. ಸಂಜಿಕ ಎಲ್ಲಾರೂ ಕರಕೊಂಡು ಹೋಗ್ತೇವಿ" ಎಂದು ಎಲ್ಲವ್ವನಿಗೆ ಹೇಳುತ್ತಿದ್ದರು. ಪಕ್ಕದ ಮೇಜಿನ ಮೇಲೆ ಒಂದು ತಗಡಿನ ಡಬ್ಬಿಯಲ್ಲಿ ಭಂಡಾರ. ಸಂಜೆ ಮನೆಗೆ ಹೊರಟಾಗ ಮತ್ತೆ ಎಲ್ಲರ ಹಣೆಗೂ ಹಚ್ಚುತ್ತಿದ್ದರು. ಯಾರಿಗೂ ಸಿಟ್ಟು ಉಳಿಯಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು, ನಾನು ಲೈನಿನ ಮುಖ್ಯಸ್ಥೆಯಾಗಿ ಒಂದು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆಗೆ ಮೊದಲ ಸಲ ನನ್ನ ಬಗ್ಗೆ ನಾಲ್ಕು ಮಂದಿಯ ಎದುರು ಹೇಳಿಕೊಳ್ಳಲು ಏನೋ ಸಿಕ್ಕಿತ್ತು. ಆದರೆ ನನ್ನ ಲೈನಿನ ಕಾರ್ಡುಗಳಲ್ಲಿ ಮೂರು ದಿನದಿಂದ ಹಳದಿಯ ಮೇಲೆ ಹಳದಿ. ಮಾಲು ಕೊಳ್ಳುವವರ ಕಡೆಯಿಂದ ತಪಾಸಣೆಗೆ ಬರುವವನು ಅಂದು ಸಂಜೆಯೇ ಬರುವವನಿದ್ದ. ನನ್ನ ಕುರ್ಚಿ ಹೋದರೆ ಮತ್ತೆ ಕಾಲರ್ ಹೊಲಿಯಲು ಕೂರಬೇಕು, ಎಲ್ಲರ ಮುಂದೆ. ಆ ಹೆದರಿಕೆಯಲ್ಲಿ ನಾನು ಮಾಡಿದ್ದೇನು ಕೇಳಿ. ಹಿಂದಿನ ದಿನ ಹುಣ್ಣಿಮೆ, ಅತ್ತೆ ಗುಡ್ಡಕ್ಕೆ ಹೋಗಿಬಂದಿದ್ದರು. ಅವರು ತಂದ ಭಂಡಾರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಕ್ಕೋರು ಗೇಟಿಗೆ ಬರುವ ಮೊದಲೇ ಒಳಗೆ ಹೋದೆ. ಹೆಬ್ಬೆರಳು ಒದ್ದೆ ಮಾಡಿಕೊಂಡು ಮೂವತ್ತೂ ಮಷಿನಿಗೆ ಒಂದೊಂದು ಭಂಡಾರದ ಬೊಟ್ಟು ಇಟ್ಟೆ. ಯಾರಿಗೂ ಕಾಣಬಾರದೆಂದು ಮಷಿನಿನ ತೋಳಿನ ಕೆಳಗೆ, ನಾವು ಬಗಲು ಎನ್ನುತ್ತೇವಲ್ಲ, ಅಲ್ಲಿ ಇಟ್ಟೆ. "ಎಲ್ಲವ್ವ, ಇವತ್ತೊಂದಿನ ಎಲ್ಲಾ ಹಸರು ಮಾಡವ್ವ" ಎಂದೆ. ಮಷಿನಿನ ಬಗಲಲ್ಲೇ ಬಟ್ಟೆ ತಿಕ್ಕಿಕೊಂಡು ಹೋಗುತ್ತದೆ ಎಂಬುದು ಆರು ವರ್ಷ ಹೊಲಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಯಕ್ಕೆ ಬುದ್ಧಿ ಎಲ್ಲಿಂದ ಬರಬೇಕು!

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಕೈತೊಳೆದು ಹೊರಗೆ ಬಂದಾಗ ಗೇಟಿನಲ್ಲಿ ಅಕ್ಕೋರು ಬೋಗುಣಿ ಹಿಡಿದು ನಿಂತಿದ್ದರು. ಮುಖ ಸಪ್ಪಗಿತ್ತು. ಮಗಳಿಗೆ ಬೆಳಗಿನ ಜಾವ ಬ್ಯಾನಿ ಬಂದು ಸವದತ್ತಿಯ ದವಾಖಾನೆಗೆ ಒಯ್ದಿದ್ದರು. ಚೊಚ್ಚಲ ಹೆರಿಗೆ. ತಪಾಸಣೆಯ ದಿನವೆಂದು ಇವರು ಮಗಳನ್ನು ತಮ್ಮ ಗಂಡನ ಕೈಗೆ ಒಪ್ಪಿಸಿ ಕೆಲಸಕ್ಕೆ ಬಂದಿದ್ದರು. ನನಗೆ ಮರುಕ ಬಂತು. ಖರೇ ಹೇಳುತ್ತೇನೆ, ಅದು ಮರುಕವೇ. ಸೆರಗಿನ ಗಂಟು ಬಿಚ್ಚಿ, "ಅತ್ತಿ ಗುಡ್ಡದಿಂದ ತಂದಾರ್ರಿ. ನಿಮ್ಮ ಮಗಳ ಸಲುವಾಗಿ ಹಚ್ಚಿಕೊಳ್ರಿ" ಎಂದೆ.

ಅವರು ಬೋರ್ಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಒಳಗ ಹೋಗೂ ಮುಂದ ಒರಸ್ಕೊಂತೇನಿ" ಎಂದು ಹಣೆಗೆ ಒಂದು ಚೂರು ಹಚ್ಚಿಕೊಂಡರು. ಕೈಯನ್ನು ಸಾಬೂನು ಹಚ್ಚಿ ಎರಡು ಸಲ ತೊಳೆದರು. ಎಲ್ಲರ ಹಣೆ ಒರೆಸಿದರು. ತಮ್ಮದನ್ನು ಒರೆಸಿಕೊಳ್ಳಲಿಲ್ಲ. ಮರೆತರೋ, ಮನಸ್ಸು ಬರಲಿಲ್ಲವೋ. ಮಗಳು ಅಲ್ಲಿ ನರಳುತ್ತಿರುವಾಗ ಯಾವ ತಾಯಿ ಒರೆಸಿಕೊಂಡಾಳು?

ಮಧ್ಯಾಹ್ನದ ಹೊತ್ತಿಗೆ ಇಸ್ತ್ರಿ ಮಾಡುವವನು ಕೂಗಿದ. ಹೊಲಿಯುವಾಗ ಕಣ್ಣಿಗೇ ಬೀಳದಿದ್ದ ಧೂಳು ಹಬೆ ತಾಕಿದ್ದೇ ಹಳದಿಯಾಗಿ ಎದ್ದಿತ್ತು. ಒಂದಲ್ಲ, ಎರಡಲ್ಲ, ಮುಂಜಾನೆಯಿಂದ ಹೊಲಿದ ರಾಶಿಗೆ ರಾಶಿ. ಯಾರೋ ಗಾಬರಿಯಲ್ಲಿ ಸಾಬೂನು ಹಚ್ಚಿದರು. ಅರಿಶಿನಕ್ಕೆ ಸಾಬೂನು ಬಿದ್ದರೆ ಏನಾಗುತ್ತದೆಂದು ಅಡಿಗೆ ಮಾಡುವ ಯಾವ ಹೆಂಗಸಿಗೆ ಗೊತ್ತಿಲ್ಲ? ಹಳದಿ ಕೆಂಪಾಯಿತು. "ಬಿಸಿಲಿಗೆ ಹಾಕ್ರೆಲೇ! ತೋಯಿಸಿ ಬಿಸಿಲಿಗೆ ಹಾಕಿದ್ರ ತಾನ ಹೋಗತೈತಿ!" ಎಂದು ಅಕ್ಕೋರು ಓಡಿ ಬಂದರು. ಹೌದು, ಬಿಸಿಲು ಅರಿಶಿನವನ್ನು ತಿಂದುಹಾಕುತ್ತದೆ. ಆದರೆ ಒಂದು ದಿನದ ಬಿಸಿಲು ಬೇಕು. ನಮಗಿದ್ದದ್ದು ಎರಡು ತಾಸು.

ಮ್ಯಾನೇಜರು ಬಂದರು. ಅಕ್ಕೋರು ಮೇಜಿನ ಮೇಲೆ ಅಂಗಿ ಹಾಸಿ ನೋಡುತ್ತಿದ್ದರು. ರಾಶಿಯ ಹೊಟ್ಟೆಯಿಂದ ತೆಗೆದ ಏಳು ಅಂಗಿ, ಒಂದಾದ ಮೇಲೊಂದು, ನಿಧಾನವಾಗಿ. ಏಳನೆಯದನ್ನು ನೋಡಿ ತಲೆಯೆತ್ತಿದಾಗ ಅವರ ಹಣೆ ಮ್ಯಾನೇಜರ ಕಣ್ಣಿಗೆ ಬಿತ್ತು.

"ಏನ್ರಿ ಇದು? ಊರಿಗೆಲ್ಲಾ ಒರಸಿ ನೀವ ಹಚ್ಚಿಕೊಂಡು ಬಂದೀರಿ? ಎಲ್ಲಾ ಮಷಿನ್ನಿನ ಅಂಗಿ ಮುಟ್ಟುವವರು ನೀವೊಬ್ರ ಅಲ್ಲೇನ್ರಿ?"

ಅಕ್ಕೋರು ಹಣೆ ಮುಟ್ಟಿ ನೋಡಿಕೊಂಡರು. ಆಮೇಲೆ ಲೈನಿನ ಮೇಲೆ ಕಣ್ಣಾಡಿಸಿದರು. ಕಣ್ಣು ನನ್ನ ಹತ್ತಿರ ಬಂದು ನಿಂತಿತು. ನಾನು ಬಗ್ಗಿ ಯಾವುದೋ ಮಷಿನಿನ ದಾರ ಪೋಣಿಸತೊಡಗಿದೆ. ಪೋಣಿಸಿದ್ದ ದಾರವನ್ನೇ ತೆಗೆದು ಮತ್ತೆ ಪೋಣಿಸಿದೆ.

"ನನ್ನ ಕೈಯಿಂದ ಆಗೇತ್ರಿ" ಎಂಬ ಅಕ್ಕೋರ ಮಾತು ಕೇಳಿತು.

ಅಕ್ಕೋರು ಹೊಸ ಕಾರ್ಡು ತೆಗೆದು ತಮ್ಮ ಹೆಸರು ಬರೆದರು. ತಪ್ಪು: ಭಂಡಾರ. ಕಾರಣ: ಚೆಕಿಂಗ್ ಮಾಡುವವರ ಕೈ. ಕೆಂಪು ಗೆರೆ ಎಳೆದು ತಮ್ಮ ಮೇಜಿನ ಮೊಳೆಗೆ ತೂಗುಹಾಕಿ ಎದ್ದು ನಿಂತರು, ನಾವೆಲ್ಲ ನಿಲ್ಲುತ್ತಿದ್ದ ಹಾಗೆಯೇ. ತಪಾಸಣೆಗೆ ಬಂದವನು ಇಡೀ ಮಾಲು ತಿರಸ್ಕರಿಸಿ, ಹೊಣೆ ಯಾರದು ಎಂದು ಕೇಳಿದ. ಮ್ಯಾನೇಜರು ಕಾರ್ಡು ತೋರಿಸಿದರು. ನಾಳೆಯಿಂದ ಬರಬೇಡಿ ಎಂದು ಅಕ್ಕೋರಿಗೆ ಹೇಳಿದರು. ಹನ್ನೊಂದು ವರ್ಷದ ಕೆಲಸ ಅಷ್ಟು ಬೇಗ ಮುಗಿಯಿತು.

ಸಂಜೆ ಗೇಟಿನ ಹೊರಗೆ ಅವರು ನನಗಾಗಿ ಕಾಯುತ್ತಿದ್ದರು. ಮಗಳಿಗೆ ಹೆಣ್ಣುಕೂಸು ಹುಟ್ಟಿತೆಂಬ ಫೋನು ಬಂದಿತ್ತು. ಅದನ್ನು ಹೇಳಿ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಿದರು:

"ತಂಗಿ, ಏನರ ಹೇಳೂದೈತೇನ?"

"ಏನಿಲ್ರಿ ಅಕ್ಕೋರ."

ತಲೆಯಾಡಿಸಿದರು. ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ತಿರುಗಿ, "ನಾಳೆ ಮುಂಜಾನಿ ಮಷಿನ್ನಿನ ಬಗಲು ಎಲ್ಲಾ ಒರಸಿಬಿಡು. ಎಣ್ಣಿ ಕುಂತಿರತೈತಿ" ಎಂದರು. ಎಣ್ಣೆಯ ಮಾತು ಎಂದುಕೊಂಡೆ. ಎಣ್ಣೆಯ ಮಾತೇ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಅವರ ಹಣೆಯಲ್ಲಿ ಭಂಡಾರ ಇತ್ತಲ್ಲ, ಕೈ ಹಣೆಗೆ ಹೋಗಿರಬೇಕು, ಕೈ ಅಂಗಿಗೆ ಹೋಗಿರಬೇಕು, ಕಲೆ ಅವರದೂ ಇರಬಹುದು, ಯಾರು ಕಂಡರು? ಹೀಗೆಲ್ಲ ಲೆಕ್ಕ ಹಾಕಿಕೊಂಡು ಮಲಗುತ್ತಿದ್ದೆ. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಮೂವತ್ತೂ ಬಗಲು ಒರೆಸಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ವರ್ಷ ಕಳೆದ ಮೇಲೆ ಚೆಕಿಂಗ್ ಕೆಲಸ ನನಗೇ ಬಂತು. ಅದೇ ಕುರ್ಚಿ, ಅದೇ ಮೊಳೆ. ಕೆಂಪು ಗೆರೆ ಎಳೆಯುವಾಗ ನನ್ನ ಕೈ ತಡೆಯುತ್ತದೆ, ಅದಕ್ಕೆ ಹುಡುಗಿಯರು ನನ್ನನ್ನು ಒಳ್ಳೆಯವಳು ಎನ್ನುತ್ತಾರೆ. ಒಳ್ಳೆಯತನವಂತೆ! ನನ್ನ ಹೊಟ್ಟೆಯಲ್ಲಿರುವುದು ನನಗೆ ಗೊತ್ತು.

ನಡುವೆ ಒಂದೇ ಒಂದು ಸಲ ಅಕ್ಕೋರು ಸಿಕ್ಕಿದ್ದರು, ಸವದತ್ತಿಯ ಕಡೆ ಹೋಗುವ ಬಸ್ಸಿನಲ್ಲಿ. ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದರಂತೆ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನನ್ನ ತೋಳಿನಿಂದ ಜೋತುಬಿದ್ದಿದ್ದ ಒಂದು ದಾರವನ್ನು ಹಲ್ಲಿನಿಂದ ಕಡಿದು ತೆಗೆದರು. "ಏಳು ನೋಡ್ತೀಯೋ, ನಾಕ ನೋಡಿ ಗೆರಿ ಎಳೀತೀಯೋ?" ಎಂದು ಕೇಳಿದರು.

"ಏಳೂ ನೋಡ್ತೇನ್ರಿ."

"ರಾಶಿ ಹೊಟ್ಟಿಯಿಂದ ತಗಿ."

ಯರಗಟ್ಟಿಯಿಂದ ಮನೋಳಿಯವರೆಗೆ ಅವರ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆ. ಹೇಳುವುದಕ್ಕೆ ಅಷ್ಟು ಸಮಯ ಸಾಲದೇ? ಸಾಕಷ್ಟು ಇತ್ತು. ಪ್ರತಿ ಸ್ಟಾಪು ಬಂದಾಗಲೂ ಮುಂದಿನ ಸ್ಟಾಪು ದಾಟಲಿ ಎಂದುಕೊಂಡೆ. ಅವರೂ ಯಾವುದಕ್ಕೋ ಕಾಯುವವರ ಹಾಗೆ ಕೂತಿದ್ದರು. ಮನೋಳಿಯಲ್ಲಿ ಇಳಿದು ಕಿಟಕಿಯ ಹತ್ತಿರ ಬಂದು, "ಬರತೇನಿ, ತಂಗಿ" ಎಂದರು.

ಸುದ್ದಿ ತಿಳಿದ ಮರುದಿನ ರಜೆ ಹಾಕಿ ಮನೋಳಿಗೆ ಹೋದೆ. ನಾಲ್ಕು ವರ್ಷದಲ್ಲಿ ಹೋಗದ ಮನೆ. ಅಕ್ಕೋರ ಗಂಡ ಕಟ್ಟೆಯ ಮೇಲೆ ಕೂತಿದ್ದರು. ಮಗಳು ನನ್ನನ್ನು ಗುರುತು ಹಿಡಿದು ಒಳಗೆ ಕರೆದಳು. ಅಂದು ಹುಟ್ಟಿದ ಕೂಸು ಈಗ ಅಂಗಳದ ತುಂಬ ಓಡಾಡುತ್ತಿತ್ತು. ಹೊಲಿಗೆ ಮಷಿನಿನ ಮೇಲೆ ಅರ್ಧ ಬಿಚ್ಚಿದ ಒಂದು ಕುಪ್ಪಸ. ಹೊಲಿದು ಮುಗಿಸಿದ್ದನ್ನು ತೋಳು ಚೂರು ತಿರುಚಿದೆಯೆಂದು ತಾವೇ ಬಿಚ್ಚುತ್ತ ಕೂತಿದ್ದರಂತೆ, ಆಗಲೇ ಎದೆನೋವು ಬಂದದ್ದು.

ಚಹಾ ಕುಡಿಸಿದ ಮೇಲೆ ಮಗಳು ಟ್ರಂಕಿನಿಂದ ಒಂದು ಬಿಳಿ ಅಂಗಿ ತಂದು ನನ್ನ ಮಡಿಲಲ್ಲಿ ಇಟ್ಟಳು.

"ಇದು ನಿಮ್ಮ ಕಂಪನೀದು ಕಾಣ್ತೈತ್ರಿ ಅಕ್ಕಾ. ಒಯ್ದು ಕೊಟ್ಟುಬಿಡ್ರಿ. ಕಂಪನಿ ದಾರ ಸೈತ ಮನಿಗೆ ತರದಾಕಿ ನಮ್ಮವ್ವ, ಇದೊಂದ ಯಾಕ ತಂದಿಟ್ಟಿದ್ಲೋ. ಹಳದಿ ಕಲಿ ಐತಿ, ಬಿಸಲಿಗೆ ಹಾಕ್ತೇನಿ ಅಂದ್ರ ಹಾಕಗೊಡಲಿಲ್ಲ. ಟ್ರಂಕಿನ ತಳದಾಗ ಇಟ್ಟಬಿಟ್ಟಿದ್ಲು."

ಅಂಗಿ ಬಿಚ್ಚಿದೆ. ಕೆಂಪು ಸ್ಟಿಕರು ಇನ್ನೂ ಅಂಟಿಕೊಂಡಿತ್ತು. ಈಗ ನಾನೂ ಚೆಕಿಂಗ್‌ನವಳು. ಹೊಲಿಯುವವಳ ಕಣ್ಣಿನಿಂದಲ್ಲ, ಆ ಕಣ್ಣಿನಿಂದ ನೋಡಿದೆ. ಚೆಕಿಂಗ್ ಮಾಡುವವರ ಕೈ ಅಂಗಿಯನ್ನು ಎಲ್ಲಿ ಹಿಡಿಯುತ್ತದೆ? ಕಾಲರಿನ ತುದಿ, ತೋಳಿನ ಪಟ್ಟಿ, ಕೆಳಗಿನ ಅಂಚು. ಮೂರೂ ಹಾಲಿನಂತೆ ಬೆಳ್ಳಗಿದ್ದವು. ಹಳದಿ ಇದ್ದದ್ದು ಬೆನ್ನಿನ ಮೇಲೆ, ಹೆಬ್ಬೆರಳಿನಷ್ಟು ಅಗಲ, ಉದ್ದಕ್ಕೆ ಎಳೆದಂತೆ. ಮಷಿನಿನ ಬಗಲಿಗೆ ಬಟ್ಟೆ ತಿಕ್ಕುವ ಜಾಗದಲ್ಲಿ. ಬಾಣದ ತುದಿ ಅದನ್ನೇ ತೋರಿಸುತ್ತಿತ್ತು.

ಅವರಿಗೆ ಅಂದೇ ಗೊತ್ತಾಗಿತ್ತು. ಏಳನೆಯ ಅಂಗಿ ನೋಡಿ ತಲೆ ಎತ್ತುವ ಮೊದಲೇ ಗೊತ್ತಾಗಿತ್ತು. ಹನ್ನೊಂದು ವರ್ಷದಲ್ಲಿ ಅವರು ಸುಳ್ಳು ಬರೆದದ್ದು ಅದೊಂದೇ ಕಾರ್ಡು. ಗೇಟಿನಲ್ಲಿ ಕೇಳಿದ್ದರು, ಬಸ್ಸಿನಲ್ಲಿ ಕಾದಿದ್ದರು. ನಾನು ಹೇಳಲಿಲ್ಲ.

"ಏನಾತ್ರಿ ಅಕ್ಕಾ? ಏನರ ಹೇಳೂದೈತೇನು?" ಎಂದಳು ಮಗಳು. ತಾಯಿಯದೇ ದನಿ.

ಹೇಳಿದೆ. ಹೆಬ್ಬೆರಳು ಒದ್ದೆ ಮಾಡಿಕೊಂಡದ್ದರಿಂದ ಹಿಡಿದು ಬಸ್ಸಿನ ಕಿಟಕಿಯವರೆಗೆ ಎಲ್ಲವನ್ನೂ ಹೇಳಿದೆ. ಮುಚ್ಚಲಿಲ್ಲ, ಅತ್ತು ಕರೆದು ಸಣ್ಣದು ಮಾಡಲಿಲ್ಲ. ಅವಳು ಕೊನೆಯವರೆಗೆ ಕೇಳಿದಳು. ಬೈಯುತ್ತಾಳೆಂದು ಕಾದೆ, ಅಥವಾ ಹೋಗಲಿ ಬಿಡ್ರಿ ಎನ್ನುತ್ತಾಳೆಂದು ಕಾದೆ. ಎರಡೂ ಆಗಲಿಲ್ಲ. ನನ್ನ ಕೈಯಿಂದ ಅಂಗಿ ತೆಗೆದುಕೊಂಡು, ಸ್ಟಿಕರು ಕೀಳದಂತೆ ಒಳಗೆ ಮಾಡಿ ಮಡಚಿದಳು. ಮತ್ತೆ ನನ್ನ ಮಡಿಲಲ್ಲೇ ಇಟ್ಟಳು.

"ಹಂಗಾದ್ರ ಇದು ಕಂಪನೀದಲ್ಲ ಬಿಡ್ರಿ. ನಿಮ್ದು" ಎಂದಳು.

ಕಾರ್ಖಾನೆಯಲ್ಲೂ ಹೇಳಿದೆ. ಈಗಿನ ಮ್ಯಾನೇಜರು ಹೊಸಬರು. "ಅದೆಲ್ಲಾ ಹಳೇ ಕತಿ ಬಿಡ್ರಿ, ಆ ಹೆಣ್ಣುಮಗಳು ಈಗ ಇಲ್ಲಲ್ಲ" ಎಂದು ಟೇಬಲ್ ಮೇಲಿನ ಕಾಗದ ತಿರುವಿದರು. ಹೌದು, ಇಲ್ಲ. ಹೇಳಬೇಕಾದವರು ಇದ್ದಾಗ ಹೇಳದ್ದನ್ನು ನಾನೀಗ ಸಿಕ್ಕಸಿಕ್ಕವರಿಗೆ ಹೇಳುತ್ತ ತಿರುಗುತ್ತಿದ್ದೇನೆ.

ಅಂಗಿ ನನ್ನ ಟ್ರಂಕಿನಲ್ಲಿದೆ. ಒಂದು ದಿನ ಅಂಗಳದಲ್ಲಿ ಹಾಕಿದರೆ ಸಾಕು, ನಮ್ಮ ಕಡೆಯ ಬಿಸಿಲಿಗೆ ಸಂಜೆಯೊಳಗೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ನಾನೂ ಹಾಕಿಲ್ಲ.